ಹೇಳಿದರೆ ಗುಣ ಹೋಗುವ ಪುಡಿ

ಆಗೆಲ್ಲ ಬೇಸಿಗೆಯ ಸೂಟಿ ಬಿತ್ತೆಂದರೆ ನನ್ನನ್ನು ಹಾನಗಲ್ಲಿನಿಂದ ಹತ್ತಿಮತ್ತೂರಿಗೆ, ಅವ್ವನ ತವರಿಗೆ, ಕಳಿಸುತ್ತಿದ್ದರು. ನಿಮಗೂ ಅಂಥದೊಂದು ಮನೆ ಇದ್ದೀತು: ಪಡಸಾಲೆಯ ಕಲ್ಲಿನಲ್ಲಿ ಚೌಕಾಬಾರದ ಗೆರೆ, ಅಡುಗೆಮನೆಯಲ್ಲಿ ಮಾವಿನ ಸೀಕರಣಿ, ಕೈ ತೊಳೆದರೂ ಹೋಗದ ಅದರ ವಾಸನೆ. ಹಾಲಿಗೆ ನೀರು ಬೆರೆತಿದೆಯೇ ಎಂದು ದಿನವೂ ಮೂಸಿ ನೋಡುತ್ತಿದ್ದ ನನಗೆ, ಪೊಲೀಸರಂತೆ ಎಲ್ಲವನ್ನೂ ತಪಾಸು ಮಾಡುವವಳೆಂದು, ಆ ಮನೆಯವರು ಇಟ್ಟ ಹೆಸರು ಸಣ್ಣ ಫೌಜದಾರ. ಆಗ ನನಗೆ ಹತ್ತು ವರ್ಷ.

ಅವ್ವನ ತಾಯಿ, ನಮ್ಮ ಆಯಿಗೆ, ಆ ವರ್ಷವೇ ಸಕ್ಕರೆ ಕಾಯಿಲೆ ಗೊತ್ತಾಗಿತ್ತು. ದಿನಾ ಮುಂಜಾನೆ ಮಾಮಾ ಎದುರಿಗೆ ನಿಂತು ಗುಳಿಗೆ ನುಂಗಿಸುತ್ತಿದ್ದ. ಆಯಿ ನುಂಗುತ್ತಿದ್ದಳು, ಆದರೆ ನಂಬುತ್ತಿರಲಿಲ್ಲ. ಅವಳ ನಂಬಿಕೆಯೆಲ್ಲ ಇರುವೆಗಳ ಮೇಲೆ. ಬಚ್ಚಲಿಗೆ ಹೋಗಿ ಬಂದು ಸ್ವಲ್ಪ ಹೊತ್ತಿಗೆ, "ಇರಿವಿ ಬಂದಾವೇನ ನೋಡಿ ಬಾ" ಎಂದು ನನ್ನನ್ನು ಅಟ್ಟುತ್ತಿದ್ದಳು. ಇರುವೆ ಬಂದಿದ್ದರೆ ಮೂತ್ರದಲ್ಲಿ ಸಕ್ಕರೆ ಇದೆ, ಇಲ್ಲದಿದ್ದರೆ ಇಲ್ಲ.

ಒಂದು ದಿನ ಇರುವೆ ಬರುವುದು ನಿಂತಿತು. ಆಯಿಯ ಮುಖ ಅರಳಿತು, ನನಗೆ ಸಂಶಯ ಹುಟ್ಟಿತು. ಮರುದಿನ ಅವಳ ಬೆನ್ನು ಹತ್ತಿದೆ. ಮಾಮಾ ಹೊಲಕ್ಕೆ ಹೋದದ್ದೇ ತಡ, ಜೋಳದ ಗಡಿಗೆಯೊಳಗಿಂದ ಹಳೆ ಸೀರೆಯ ಗಂಟೊಂದು ಹೊರಬಂತು. ಅದರೊಳಗಿನ ಹಸಿರು ಪುಡಿಯನ್ನು ಬಾಯಿಗೆ ಸುರಿದುಕೊಂಡು ಆಯಿ ಮುಖ ಕಿವುಚಿದಳು. ಬೇವು, ಹಾಗಲ, ಮುಗ್ಗಿದ ಹುಲ್ಲು ಎಲ್ಲ ಕೂಡಿದಂಥ ವಾಸನೆ. ಆಡೂರ ಕಡೆಯ ಔಷಧದವರೊಬ್ಬರು ಕೊಟ್ಟದ್ದಂತೆ. ತಿಂದ ಮೇಲೆ ಹೊತ್ತು ನೆತ್ತಿಗೆ ಬರುವವರೆಗೆ ಹೊಟ್ಟೆಗೆ ಏನೂ ಹಾಕಬಾರದು. ಯಾರಿಗೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ.

ಯಾವ ಗಿಡದ್ದೆಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಹೆಸರೇ ಇಲ್ಲದ್ದನ್ನು ಯಾಕೆ ತಿನ್ನುತ್ತೀ ಎಂದರೆ, ಗುಳಿಗೆಯ ಹೆಸರಾದರೂ ನಿನಗೆ ಓದಲು ಬರುತ್ತದೆಯೇ ಎಂದು ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ನೀ ಬಾಯಿ ಬಿಟ್ರ ನಾ ಸಾಯ್ತೇನಿ ನೋಡು."

ನಾಲ್ಕು ದಿನ ಗಡಿಗೆಯೊಳಗಿನ ಗಂಟು ಎಷ್ಟು ಕರಗಿತೆಂದು ಕದ್ದು ಮುಟ್ಟಿ ನೋಡಿದೆ. ಐದನೆಯ ದಿನ ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ಆಯಿಯ ಕೈ ನಡುಗತೊಡಗಿತು. ಬೆವರಿಗೆ ಕುಪ್ಪಸ ತೊಯ್ದಿತ್ತು. ನನ್ನನ್ನು ನೋಡಿ ಅವ್ವನ ಹೆಸರು ಹಿಡಿದು ಕರೆದಳು, ಹಾಗೆಯೇ ಹಿಟ್ಟಿನ ಪರಾತದ ಮೇಲೆ ವಾಲಿದಳು.

ಹೊಲದಿಂದ ಓಡಿ ಬಂದ ಮಾಮಾ ಟೆಂಪೊ ಹಿಡಿದು ಸವಣೂರಿನ ದವಾಖಾನೆಗೆ ಒಯ್ದ. ನಾನೂ ಹತ್ತಿ ಕೂತಿದ್ದೆ. ಡಾಕ್ಟರು ಬೆರಳು ಚುಚ್ಚಿ ನೋಡಿ, ಸಕ್ಕರೆ ಏರಿಲ್ಲ, ಪೂರಾ ಇಳಿದುಹೋಗಿದೆ ಎಂದರು. ಸಲೈನ್ ಹಚ್ಚುತ್ತಲೇ ಮಾಮಾನನ್ನು ಕೇಳಿದರು.

"ಗುಳಿಗಿ ಬಿಟ್ಟು ಬ್ಯಾರೆ ಏನರ ಕೊಡಾಕತ್ತೀರೇನು?"

ಮಾಮಾ ಇಲ್ಲವೆಂದ. ಕಾರಣ ತಿಳಿಯದಿದ್ದರೆ ಇದು ಮತ್ತೆ ಆದೀತು, ಮುಂದಿನ ಸಲ ಇಷ್ಟು ಬೇಗ ಮುಟ್ಟದಿದ್ದರೆ ಕಷ್ಟ ಎಂದರು ಡಾಕ್ಟರು. ಆಯಿಯ ತಲೆ ಮುಟ್ಟಿದ್ದ ಕೈಯನ್ನು ಲಂಗದ ಹಿಂದೆ ಬಚ್ಚಿಟ್ಟುಕೊಂಡು ನಾನು ಎಲ್ಲ ಹೇಳಿಬಿಟ್ಟೆ. ಹೇಳಿ, ಅವಳ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತ ನಿಂತೆ.

ಆಯಿ ಸಾಯಲಿಲ್ಲ. ಗುಳಿಗೆ, ಪುಡಿ, ಖಾಲಿ ಹೊಟ್ಟೆ ಮೂರೂ ಕೂಡಿ ಹೀಗಾಯಿತೆಂದು ಡಾಕ್ಟರು ತಿಳಿಸಿ ಹೇಳಿದರು. ಪುಡಿ ತಿಪ್ಪೆ ಸೇರಿತು. ಆದರೆ ಮುಂದೆ ಕಾಲಬೆರಳಿನ ಗಾಯ ಮಾಯದಿದ್ದಾಗಲೆಲ್ಲ ಆಯಿ ಬಂದವರ ಮುಂದೆ ನನ್ನ ಕಡೆ ಬೊಟ್ಟು ಮಾಡುತ್ತಿದ್ದಳು. "ಗುಣ ಆಗಾಕತ್ತಿತ್ತು. ಈಕಿ ಹೇಳಿ ಕೆಡಿಸಿದ್ಲು." ಮತ್ತೆಂದೂ ನನ್ನನ್ನು ಇರುವೆ ನೋಡಲು ಕಳಿಸಲಿಲ್ಲ. ಚೌಕಾಬಾರದಲ್ಲಿ ನಾನು ಕವಡೆ ಚೆಲ್ಲಿದರೆ ನನ್ನ ಲೆಕ್ಕ ನಂಬದೆ ತಾನೇ ಬಗ್ಗಿ ನೋಡಿ ಎಣಿಸುತ್ತಿದ್ದಳು. ಅದರಿಂದ ನನಗೆ ಬಹಳ ನೋವಾಗುತ್ತಿತ್ತು.

ಈಗ ಆಯಿ ಇಲ್ಲ. ಸಕ್ಕರೆ ನನಗೆ ಬಂದಿದೆ. ಹೋದ ತಿಂಗಳು ಡಾಕ್ಟರು ಅದೇ ಪ್ರಶ್ನೆ ಕೇಳಿದರು, ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು. ಇಲ್ಲ ಎಂದೆ. ಗೆಳತಿಯೊಬ್ಬಳು ಮೊಬೈಲಿನಲ್ಲಿ ನೋಡಿ ತರಿಸಿಕೊಟ್ಟ ಪುಡಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿದೆ. ವಾಸನೆ ಅದೇ. ಮುಂಜಾನೆ ಅದನ್ನು ಬಾಯಿಗೆ ಹಾಕಿಕೊಳ್ಳುವಾಗ ಒಮ್ಮೆ ಬಾಗಿಲ ಕಡೆ ತಿರುಗಿ ನೋಡುತ್ತೇನೆ. ಬೆನ್ನು ಹತ್ತಿ ಬಂದು ಅದೇನೆಂದು ಕೇಳುವ ಫೌಜದಾರ ಈ ಮನೆಯಲ್ಲಿ ಯಾರೂ ಇಲ್ಲ.