ಆಪರೇಷನ್ ಕೋಣೆಯ ಬಾಗಿಲಿಗೆ ಬಂದ ಆರತಿ

ಈಗಲೂ ಕರ್ಪೂರ ಹಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಮನೆಯವರಿಗೆ ಇದು ಅಭ್ಯಾಸವಾಗಿದೆ. ಮಂಗಳಾರತಿ ಮುಗಿದ ಮೇಲೆ ಪ್ರಸಾದವನ್ನು ಜಗಲಿಗೇ ತಂದು ಕೊಡುತ್ತಾರೆ.

ಅರವತ್ತರ ದಶಕದ ಆರಂಭ. ಬಿ.ಎ. ಮುಗಿಸಿದ ನಾನು ಆಸ್ಪತ್ರೆ ಮಂಡಳಿಯಲ್ಲಿ ಗುಮಾಸ್ತನಾಗಿದ್ದೆ. ದಾವಣಗೆರೆಯ ಆಸ್ಪತ್ರೆ, ಹರಿಹರದ ಸಣ್ಣ ದವಾಖಾನೆ ಎರಡೂ ಆ ಮಂಡಳಿಯ ಕೈಯಲ್ಲಿದ್ದವು. ಅಧ್ಯಕ್ಷರು ಹರಿಹರದ ಹಿರಿಯ ವೈದ್ಯರು. ಬೆಳಗಿನ ರೈಲಿಗೆ ದಾವಣಗೆರೆಗೆ ಬಂದು ಮೊದಲು ವಾರ್ಡು ನೋಡಿ, ಆಮೇಲೆ ಸಭೆಗೆ ಕೂರುತ್ತಿದ್ದರು. ವಾರ್ಡಿನಲ್ಲಿ ಇಲ್ಲದ ಆಯಾಸ ಸಭೆಯಲ್ಲಿ ಅವರ ಮುಖದ ಮೇಲೆ ಕಾಣುತ್ತಿತ್ತು.

“ರೋಗಿಗಾದ್ರೆ ನಾಲಿಗೆ ಚಾಚಪ್ಪ ಅಂತ ಹೇಳಬೇಕು,” ಎನ್ನುತ್ತಿದ್ದರು ನನ್ನ ಹತ್ತಿರ. “ಮೆಂಬರುಗಳಿಗೆ ಹೇಳೋದೇ ಬ್ಯಾಡ.”

ಆ ವರ್ಷವೆಲ್ಲ ಒಂದೇ ಜಗಳ. ಹೊಸ ಹೆರಿಗೆ ವಾರ್ಡು ಎಲ್ಲಿ ಕಟ್ಟಬೇಕು? ಆಪರೇಷನ್ ಕೋಣೆಯ ಪಕ್ಕದಲ್ಲೇ ಆಗಬೇಕೆಂದು ಅಧ್ಯಕ್ಷರು. ಹಿತ್ತಲಲ್ಲಿ, ಬಾವಿಯ ಆಚೆ ಸಾಕು ಎಂದು ಹತ್ತಿ ಮಂಡಿಯ ಯಜಮಾನರು. ಆಪರೇಷನ್ ಮೇಜು ಅವರೇ ದಾನ ಕೊಟ್ಟದ್ದು. ಮಂಡಳಿಯಲ್ಲಿ ಅವರ ಮಾತಿಗೆ ತೂಕವಿತ್ತು.

“ಪುರುಡು ಅಂದ್ರೆ ಪುರುಡೇ ಡಾಕ್ಟ್ರೇ, ಹೆರಿಗೆ ಮೈಲಿಗೆ. ನಮ್ಮ ಮನ್ಯಾಗೂ ಬಾಣಂತಿ ಹಿಂದಿನ ಕೋಣ್ಯಾಗೇ ಇರೋದು.”

“ನಿಮ್ಮ ಮನ್ಯಾಗ ಆಕೀನ ಮಳ್ಯಾಗ ಹೊತ್ಕಂಡು ಅಂಗಳ ದಾಟಬೇಕಾಗಿಲ್ಲ. ಇಲ್ಲಿ ದಾಟಬೇಕು. ಹಳೇ ವಾರ್ಡಿನಿಂದ ದಾಟೋದ್ರೊಳಗ ಸತ್ತವರು ಅದಾರೆ.”

ಸಭೆ ಮೇಲೆ ಸಭೆ ಹೀಗೇ ನಡೆದು, ದಸರೆಯ ಹೊತ್ತಿಗೆ ಸದಸ್ಯರು ಒಬ್ಬೊಬ್ಬರಾಗಿ ಅಧ್ಯಕ್ಷರ ಕಡೆ ವಾಲಿದ್ದರು. ಹಬ್ಬ ಮುಗಿದ ಮೇಲಿನ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು.

ಆಯುಧಪೂಜೆಯ ದಿನ ಆಸ್ಪತ್ರೆಯಲ್ಲೂ ಪೂಜೆ. ವರಾಂಡದಲ್ಲಿ ಮೇಜು ಹಾಕಿ ಹಳೆಯ ಕತ್ತರಿ, ಇಕ್ಕಳ, ತಕ್ಕಡಿ, ಗಾಲಿಕುರ್ಚಿಗಳಿಗೆ ಕುಂಕುಮ ಹಚ್ಚಿ ಚೆಂಡುಹೂ ಇಟ್ಟಿದ್ದರು. ಆರತಿಯನ್ನು ಮೊದಲು ಅಧ್ಯಕ್ಷರು ತೆಗೆದುಕೊಳ್ಳಬೇಕು, ಆಮೇಲೆ ಉಳಿದವರು. ಆ ಪದ್ಧತಿ ಯಾವತ್ತೂ ತಪ್ಪಿರಲಿಲ್ಲ.

ಅಷ್ಟರಲ್ಲಿ ನಂದಿಗುಡಿ ಕಡೆಯಿಂದ ಒಬ್ಬ ಬಸುರಿಯನ್ನು ತಂದರು. ಮಗು ಅಡ್ಡ ನಿಂತಿತ್ತು. ಲೇಡಿ ಡಾಕ್ಟರು ಇದ್ದರು. ಅರಿವಳಿಕೆ ಕೊಡುವವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಅಧ್ಯಕ್ಷರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. “ನಾನೇ ಈಥರ್ ಕೊಡ್ತೀನಿ. ನೀವೂ ಬರ್ರಿ, ಆಕೀ ಕೈ ಹಿಡೀರಿ. ಅವಳ ಮುಖ ನೋಡ್ರಿ ಸಾಕು, ಬ್ಯಾರೆ ಏನೂ ನೋಡಬ್ಯಾಡ್ರಿ.”

ಆಪರೇಷನ್ ಕೋಣೆಯ ಕಿಟಕಿ ಮುಚ್ಚಿತ್ತು. ಆಕೆಯ ಮೂಗಿನ ಮೇಲಿನ ಬಟ್ಟೆಗೆ ಅಧ್ಯಕ್ಷರು ಈಥರ್ ತೊಟ್ಟಿಕ್ಕಿಸುತ್ತಿದ್ದರು. ಸಿಹಿಯಾದ, ತಲೆ ತಿರುಗಿಸುವ ಆ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಬಾಗಿಲ ಸಂದಿಗೆ ಹೋಗುತ್ತದೆ. ಒಂದು ಕಿಡಿ ತಾಗಿದರೆ ಕೋಣೆಯೇ ಉರಿಯುತ್ತದೆ. ಕಾಲೇಜಿನಲ್ಲಿ ವಿಜ್ಞಾನ ಓದದ ನನಗೂ ಆಸ್ಪತ್ರೆಯಲ್ಲಿ ಅಷ್ಟು ತಿಳಿದಿತ್ತು.

ಹೊರಗೆ ಗಂಟೆ ಬಾರಿಸುವ ಸದ್ದು. ಅದು ಹತ್ತಿರವಾಗುತ್ತಿತ್ತು. ಬಾಗಿಲ ಗಾಜಿನಲ್ಲಿ ಕೆಂಪು ಬೆಳಕು ಕಾಣಿಸಿತು. ಅಧ್ಯಕ್ಷರು ಬರಲಿಲ್ಲವೆಂದು ಯಜಮಾನರು ಕರ್ಪೂರ ಉರಿಯುವ ಆರತಿಯನ್ನೇ ಅವರಿದ್ದಲ್ಲಿಗೆ ತಂದಿದ್ದರು. ಮೊಣಕೈಯಿಂದ ಬಾಗಿಲನ್ನು ತುಸು ತಳ್ಳಿದರು.

“ಬೆಂಕಿ ತರಬ್ಯಾಡ್ರಿ,” ಎಂದರು ಲೇಡಿ ಡಾಕ್ಟರು, ತಲೆ ಎತ್ತದೆ.

“ಬೆಂಕಿ ತರಬಾರ್ದು ಅಂತ ಬೋರ್ಡ್ ಐತೆ, ಓದೀನಿ ಕಣವ್ವ. ಅದು ಬೀಡಿ ಸೇದೋರಿಗೆ. ಇದು ದೇವರ ದೀಪ. ಹಿರೇರಿಗೆ ತೋರಿಸಿ, ನನ್ನ ಮೇಜಿಗೊಂದು ಸುತ್ತು ಬೆಳಗಿ ಹೋಗ್ತೀನಿ.”

ಆರತಿಯನ್ನು ಊದಿ ಆರಿಸುವವರು ನಮ್ಮಲ್ಲಿ ಯಾರೂ ಇಲ್ಲ. ಕಿರುಚಿದರೆ ಬೆಚ್ಚಿ ತಟ್ಟೆ ಬಿಡಬಹುದು. ನನ್ನ ಕೈಯಲ್ಲಿ ಆ ಹೆಂಗಸಿನ ಕೈ ಸಡಿಲವಾಗಿತ್ತು. ತೊಟ್ಟಿಕ್ಕಿಸುವುದನ್ನು ನಿಲ್ಲಿಸಿ, ಅಧ್ಯಕ್ಷರು ಬಾಗಿಲ ಕಡೆ ನೋಡಿ, ಸಭೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದರು:

“ಯಜಮಾನ್ರೇ, ಒಳಗ ಹೆರಿಗೆ ಆಗಾಕತ್ತೈತೆ. ಪುರುಡು. ಆರತಿ ಮೈಲಿಗೆ ಆಗ್ತೈತೆ.”

ಯಜಮಾನರು ತಟ್ಟೆಗೆ ಕೈ ಅಡ್ಡ ಹಿಡಿದು ಹಿಂದೆ ಸರಿದರು. ಬಾಗಿಲು ಮುಚ್ಚಿತು. ಗಂಟೆಯ ಸದ್ದು ದೂರವಾಯಿತು. ಲೇಡಿ ಡಾಕ್ಟರ ಕೈ ಮತ್ತೆ ಆಡತೊಡಗಿತು. ಮಗು ಅತ್ತಾಗಲೂ ಆಕೆಯ ಕೈ ನನ್ನ ಕೈಯಲ್ಲೇ ಇತ್ತು. ತಾಯಿ, ಮಗು ಇಬ್ಬರೂ ಉಳಿದರು.

ಹಬ್ಬದ ನಂತರದ ಸಭೆಯಲ್ಲಿ ಯಜಮಾನರೇ ಮೊದಲು ಎದ್ದರು. ಅವರಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಸಮಾಧಾನವಿತ್ತು.

“ಇನ್ನೇನು ವಾದ ಐತ್ರಿ? ಅಧ್ಯಕ್ಷರೇ ಪುರುಡು ಅಂದ್ರು. ಅವ್ರ ಬಾಯಾಗಿಂದ ಬಂತಲ್ಲ.”

ಅಧ್ಯಕ್ಷರು ಈಥರಿನ ವಿಷಯ ಬಿಡಿಸಿ ಹೇಳಿದರು. ಎಲ್ಲರೂ ಕೇಳಿದರು. ಯಜಮಾನರ ಮುಖ ಸಣ್ಣದಾಯಿತು.

“ಹಂಗಾರೆ ಆರತಿ ಮುಂದೆ ಸುಳ್ಳು ಹೇಳಿದ್ರಾ ಡಾಕ್ಟ್ರೇ?”

ಅಧ್ಯಕ್ಷರು ವಿಷಯವನ್ನು ಮತಕ್ಕೆ ಹಾಕಿದರು. ಹೌದೆಂದರೆ ಸುಳ್ಳುಗಾರ, ಇಲ್ಲವೆಂದರೆ ವಾರ್ಡು ಹಿತ್ತಲಿಗೆ. ವಾಲಿದ್ದವರೆಲ್ಲ ಮರಳಿ ಯಜಮಾನರ ಕಡೆ ಕೈ ಎತ್ತಿದರು. ನಾನು ಬರೆದ ಠರಾವಿಗೆ ಅಧ್ಯಕ್ಷರು ಸಹಿ ಹಾಕಿದರು.

ಸಂಜೆ ಸ್ಟೇಷನ್ನಿಗೆ ಅವರ ಜೊತೆಗೆ ನಡೆದೆ. ಗಿರಣಿಯವರು ಪಾಳಿ ಮುಗಿಸಿ ಬರುತ್ತಿದ್ದರು. ಬೇರೇನಾದರೂ ಹೇಳಬಹುದಿತ್ತಲ್ಲವೇ ಎಂದು ಕೇಳಿದೆ.

“ಏನು ಹೇಳಿದ್ರೆ ನಿಲ್ತಿದ್ರು? ನೀವೇ ಹೇಳ್ರಿ.”

ಸ್ಟೇಷನ್ನಿನ ದೀಪ ಕಾಣಿಸಿತು. ಅವರು ಅತ್ತ ನೋಡುತ್ತಾ, “ಹಿತ್ತಲ ವಾರ್ಡಿನಿಂದ ಆಪರೇಷನ್ ಕೋಣೆ ತನಕ ತಗಡಿನ ಚಪ್ಪರ ಹಾಕ್ಸೋಣ. ಮಳೆಯಾದ್ರೂ ತಪ್ಪಲಿ,” ಎಂದರು.

ತಗಡುಗಳನ್ನು ಯಜಮಾನರೇ ಕೊಡಿಸಿದರು. ಆ ಚಪ್ಪರದ ಕೆಳಗೆ ಸ್ಟ್ರೆಚರು ಹೋಗುವುದನ್ನು ನಾನು ಅಲ್ಲಿರುವವರೆಗೂ ನೋಡಿದೆ. ಕೆಲವರು ದಾಟಿದರು, ಕೆಲವರು ದಾಟಲಿಲ್ಲ.

ಆ ಬಾಗಿಲು ಈಗಲೂ ನನ್ನೊಳಗೆ ತೆರೆಯುತ್ತದೆ. ತೆರೆದ ಕೂಡಲೇ ಜ್ವಾಲೆ ಒಳಕ್ಕೆ, ನಮ್ಮ ಕಡೆಗೆ ಬಾಗುತ್ತದೆ. ಹೇಳಬೇಕಾದ ಇನ್ನೊಂದು ಮಾತಿಗಾಗಿ ನಾನು ಹುಡುಕುತ್ತೇನೆ. ಅಷ್ಟರಲ್ಲಿ ಅಧ್ಯಕ್ಷರು ಅದೇ ಮಾತನ್ನು ಹೇಳಿಬಿಡುತ್ತಾರೆ.