ಕೊರಳಿಗೆ ಟವೆಲ್ ಕಟ್ಟಿಕೊಂಡು ಬಂದ ನಾಯಿ

ಇಂಥ ವಿಷಯಗಳಲ್ಲಿ ನಾನು ಸ್ವಲ್ಪ ಒರಟು. ಯಾರಾದರೂ "ನನಗೊಂದು ವಿಚಿತ್ರ ಆಯಿತು" ಎಂದು ಶುರು ಮಾಡಿದರೆ, ಹಿಂದಿನ ರಾತ್ರಿ ಊಟಕ್ಕೆ ಏನಿತ್ತು ಎಂದು ಕೇಳುವವಳು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುವ ಸಣ್ಣ ಶೆಡ್ ನನ್ನದು. ಹೊಲಿಗೆ ಬಿಚ್ಚಿ ನೋಡಿದರೆ ತಪ್ಪು ಎಲ್ಲಾಗಿದೆ ಎಂದು ತಿಳಿದೇ ತಿಳಿಯುತ್ತದೆ. ಲೋಕದ ಸಂಗತಿಗಳೂ ಹಾಗೆಯೇ ಎಂದುಕೊಂಡಿದ್ದೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ದಸರಾ ರಜೆಯಲ್ಲಿ ನಡೆದದ್ದನ್ನು ಎಷ್ಟು ಸಲ ಬಿಚ್ಚಿ ನೋಡಿದರೂ ನನಗೆ ತಪ್ಪು ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿಮಗೇನಾದರೂ ಹೊಳೆದರೆ ಒಳ್ಳೆಯದು.

ದಸರೆಗೆ ಶೆಡ್ ಮುಚ್ಚಿ ನಾನೂ ನನ್ನ ಗಂಡನೂ ಗುಡಿಬಂಡೆ ಹತ್ತಿರದ ಹಳ್ಳಿಗೆ ಹೋಗುವುದು ವಾಡಿಕೆ. ಅಲ್ಲಿ ನಮ್ಮವರ ಅಕ್ಕ, ಅಂದರೆ ನನ್ನ ಅತ್ತಿಗೆ ಗೌರಮ್ಮ, ಬೋರ್‌ವೆಲ್ ನೀರಿನಲ್ಲಿ ರೇಷ್ಮೆ ಸೊಪ್ಪು ಬೆಳೆಯುತ್ತಾರೆ. ತೋಟದ ಬೆನ್ನಿಗೇ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಒಂದು ಕಲ್ಲು ಬಸವಣ್ಣ. ನಮ್ಮವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೆಯಿರಿ ಎಂದರೆ, ರಾಯದುರ್ಗದಲ್ಲಿ ಇವರು ಬಾಗಿಲಿನಿಂದ ಸ್ಕೂಟರಿನವರೆಗೆ ನಡೆಯುತ್ತಾರೆ. ಅತ್ತಿಗೆಯ ಮನೆಯಲ್ಲಿ ಮಾತ್ರ ಆ ಆಟ ನಡೆಯುವುದಿಲ್ಲ. ಅಲ್ಲಿನ ನಾಯಿಗಳು, ರಾಜ ಮತ್ತು ಚಿನ್ನಿ, ಬೆಳಗಾಗುತ್ತಲೇ ಇವರ ಹೊದಿಕೆ ಎಳೆದು ಎಬ್ಬಿಸುತ್ತವೆ. ಹೆಂಡತಿಯ ಮಾತಿಗಿಲ್ಲದ ಬೆಲೆ ನಾಯಿಯ ಮಾತಿಗಿದೆ.

ಅಂದು ಸೋಮವಾರ. ನಮ್ಮವರು ಸೋಮವಾರ ದೇವರ ಮುಖ ನೋಡದೆ ಬಾಯಿಗೆ ತುತ್ತು ಹಾಕುವವರಲ್ಲ. ಗುಡ್ಡ ಹತ್ತಿ, ಬಸವಣ್ಣನಿಗೆ ಹೂವಿಟ್ಟು, ಅಲ್ಲೇ ತಿಂಡಿ ತಿನ್ನೋಣ ಎಂದರು. ಆದರೆ ಹೊರಡುವ ಮೊದಲು ಸಕ್ಕರೆಯ ಮಾತ್ರೆ ನುಂಗಿದರು. "ಖಾಲಿ ಹೊಟ್ಟೆಗೆ ಯಾಕ?" ಎಂದು ಕೇಳಿದ್ದಕ್ಕೆ, "ಮಾತ್ರೆ ಏನ್ ಊಟಾನಾ? ಅದಕ್ಕೆ ಉಪವಾಸ ಕೆಡಲ್ಲ ಕಣೆ" ಎಂದರು. ಬಸವಣ್ಣನ ಲೆಕ್ಕದಲ್ಲಿ ಅದು ಸರಿಯಿರಬಹುದು.

ನಾಯಿಗಳ ಜೊತೆ ಗುಡ್ಡ ಹತ್ತುವುದೇ ಒಂದು ಸುಖ. ರಾಜ ಮುಂದೆ ಓಡಿ ಬಂಡೆಯ ಮೇಲೆ ಕೂತು, ಇನ್ನೂ ಎಷ್ಟು ಹೊತ್ತು ಎನ್ನುವಂತೆ ನೋಡುತ್ತಾನೆ. ಚಿನ್ನಿ ನನ್ನ ಹಿಂದೆಯೇ ಬರುತ್ತಾಳೆ. ಸೀತಾಫಲದ ಪೊದೆಗಳು, ಬೋದೆ ಹುಲ್ಲು, ನಡುವೆ ಆಡುಗಳು ಸವೆಸಿದ ದಾರಿ. ನೆತ್ತಿ ತಲುಪಿ ಚಿತ್ರಾನ್ನದ ಚೀಲವನ್ನು ಒಂದು ಗಿಡದ ಕೊಂಬೆಗೆ ಸಿಕ್ಕಿಸಿ, ನಾವು ಹೂವಿಟ್ಟು ಊದುಬತ್ತಿ ಹಚ್ಚಿ ಕಣ್ಣು ಮುಚ್ಚಿ ನಿಂತೆವು. ಕಣ್ಣು ಬಿಟ್ಟು ನೋಡಿದರೆ ಚೀಲ ನೆಲದಲ್ಲಿತ್ತು, ಎರಡು ನಾಯಿಗಳ ಮೂತಿಯೂ ಅರಿಶಿನ ಬಣ್ಣವಾಗಿತ್ತು.

ನನಗೆ ಸಿಟ್ಟು ಬಂತು. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ನಾಯಿಗಳನ್ನೂ ಅಕ್ಕಪಕ್ಕ ಕೂರಿಸಿಕೊಂಡು "ಕಳ್ಳರದೊಂದು ಫೋಟೋ ತೆಗಿ" ಎಂದರು, ತೆಗೆದೆ. ಆಗಲೇ ಕೆಳಗೆ ಅತ್ತಿಗೆಯ ತೋಟದಲ್ಲಿ ಪೈಪಿನಿಂದ ತೊಟ್ಟಿಗೆ ನೀರು ಬಿದ್ದು ಬಿಸಿಲಿಗೆ ಫಳಕ್ಕೆಂದಿತು. "ಕರೆಂಟ್ ಬಂತು, ಅಕ್ಕ ಮೋಟರ್ ಹಾಕಿದ್ಲು ನೋಡು" ಎಂದು ಇವರು ತೋರಿಸಿದರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಆಗ ಅವರಿಗೆ ಏನೂ ಆಗಿರಲಿಲ್ಲ.

ಆಮೇಲೆ ನೆತ್ತಿಯ ಆಚೆ ಬದಿಯಲ್ಲಿ ಮಳೆನೀರು ನಿಲ್ಲುವ ಕಲ್ಲಿನ ದೊಣೆಯಲ್ಲಿ ನೀರಿದೆಯೇ ನೋಡೋಣ ಎಂದು ಅಲ್ಲಿ ಬಹಳ ಹೊತ್ತು ಕಳೆದೆವು. ವಾಪಸು ಬರುವಾಗ ಮೇಲಿಂದ ನೋಡಿದರೆ, ಕೆಳಗೆ ತೊಟ್ಟಿ ತುಂಬಿ ನೀರು ದಾರಿಗೆ ಹರಿಯುತ್ತಿತ್ತು. "ಅಕ್ಕ ಮೋಟರ್ ಮರೆತ್ಲಾ? ಅವಳು ಮರೆಯೋಳಲ್ಲ" ಎಂದರು ಇವರು. ಅರ್ಧ ಗುಡ್ಡ ಇಳಿಯುವಷ್ಟರಲ್ಲಿ ಒಂದು ಬಂಡೆಗೆ ಒರಗಿ ನಿಂತರು. ಬೆವರು ಧಾರೆಯಾಗಿ ಇಳಿಯುತ್ತಿತ್ತು. ನನ್ನನ್ನು ನೋಡಿ, ತಮ್ಮ ತೀರಿಹೋದ ಅವ್ವನ ಹೆಸರು ಹಿಡಿದು ಏನೋ ಕೇಳಿದರು. ಹಾಗೆಯೇ ಜಾರಿ ಕುಳಿತರು.

ಸಕ್ಕರೆ ಇಳಿದಿದೆ ಎಂದು ನನಗೆ ಗೊತ್ತಾಯಿತು. ಏನಾದರೂ ಸಿಹಿ ಬಾಯಿಗೆ ಹೋಗಬೇಕು. ನನ್ನ ಹತ್ತಿರ ಸಿಹಿ ಹೋಗಲಿ, ಒಂದು ಅಗುಳು ಅನ್ನವೂ ಇರಲಿಲ್ಲ. ಫೋನಿನಲ್ಲಿ ಒಂದು ಗೆರೆ ಸಿಗ್ನಲ್ಲೂ ಇಲ್ಲ. ಬಿಟ್ಟು ಓಡಿದರೆ ಇವರು ಬಂಡೆಯಿಂದ ಉರುಳುತ್ತಾರೆ, ಬಿಡದಿದ್ದರೆ ನನ್ನ ತೋಳಿನಲ್ಲೇ ಹೋಗುತ್ತಾರೆ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲಿ ಇನ್ನೊಂದು ಸಲ ಇಲ್ಲ. ಗಂಟಲು ಹರಿಯುವಂತೆ ಕೂಗಿದೆ. ಚಿನ್ನಿ ಅವರ ಕಾಲಿಗೆ ಒತ್ತಿಕೊಂಡು ಮಲಗಿದ್ದಳು. ರಾಜ ಬಂಡೆಯ ತುದಿಯಲ್ಲಿ ನಿಂತು ಕೆಳಗೇ ನೋಡುತ್ತಿದ್ದ. ಎರಡೂ ಕದಲಲಿಲ್ಲ, ಬೊಗಳಲೂ ಇಲ್ಲ.

ಸ್ವಲ್ಪ ಹೊತ್ತಿಗೇ ಪೊದೆಯ ಮರೆಯಿಂದ ಅತ್ತಿಗೆ ಬಂದರು. ಏದುಸಿರು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದು, ಒಂದು ಕೈಯಲ್ಲಿ ನೀರಿನ ಕ್ಯಾನು, ಸೆರಗಿನ ತುದಿಯಲ್ಲಿ ಬೆಲ್ಲದ ಗಂಟು. ತಮ್ಮನ ಮುಖ ನೋಡಿದವರೇ ಬೆಲ್ಲ ಜಜ್ಜಿ, ನೀರಲ್ಲಿ ಅದ್ದಿ, ಬೆರಳಿನಿಂದ ಅವರ ಒಸಡಿಗೆ ಉಜ್ಜಿದರು. ಮತ್ತೆ ಮತ್ತೆ ಉಜ್ಜಿದರು. ನಮ್ಮವರು ಚಪ್ಪರಿಸಿದರು, ನುಂಗಿದರು, ಕಣ್ಣು ಬಿಟ್ಟು "ಮೋಟರ್ ಆಫ್ ಮಾಡ್ದೇನಕ್ಕ?" ಎಂದರು. ನಾನು ಅತ್ತುಬಿಟ್ಟೆ.

ಅಳು ನಿಂತ ಮೇಲೆ ಕೇಳಿದೆ: "ನಮಗ ಹಿಂಗಾಗೇತಿ ಅಂತ ನಿಮಗ ಹೆಂಗ ಗೊತ್ತಾತ್ರಿ, ಅತ್ತಿಗೆ?"

"ನೀವೇ ಟವೆಲ್ ಕಟ್ಟಿ ನಾಯಿ ಕಳ್ಸಿದ್ರಲ್ಲಮ್ಮ."

"ಯಾವ ನಾಯಿರಿ? ಎರಡೂ ಇಲ್ಲೇ ಅದಾವಲ್ರಿ."

ಅತ್ತಿಗೆ ರಾಜನನ್ನು ನೋಡಿದರು, ಚಿನ್ನಿಯನ್ನು ನೋಡಿದರು. "ಇವಲ್ಲ. ಬೂದಿ ಬಣ್ಣದ್ದು. ನಿಮ್ ಜೊತೆ ಇನ್ನೊಂದು ಸೇರ್ಕೊಂಡಿರ್ಬೇಕು ಅನ್ಕೊಂಡೆ" ಎಂದರು.

ಆ ಗುಡ್ಡದ ಸುತ್ತಿನ ಕುರಿಗಾಹಿಗಳಲ್ಲಿ ಒಂದು ಪದ್ಧತಿ ಇದೆಯಂತೆ. ನನಗೆ ಅಂದೇ ತಿಳಿದದ್ದು. ಮೇಲೆ ಒಬ್ಬನೇ ಇದ್ದು ಕಷ್ಟಕ್ಕೆ ಸಿಕ್ಕಿದರೆ ಹೆಗಲ ಟವೆಲನ್ನು ನಾಯಿಯ ಕೊರಳಿಗೆ ಕಟ್ಟಿ ಕೆಳಗೆ ಅಟ್ಟುತ್ತಾರೆ. ಕಂಡವರು ನೀರು, ಬೆಲ್ಲ ಹಿಡಿದು ಹತ್ತಬೇಕು. ಯಾರ ನಾಯಿ, ಯಾರ ಟವೆಲ್ ಎಂದು ವಿಚಾರಿಸುತ್ತ ನಿಲ್ಲಬಾರದು. ಅತ್ತಿಗೆ ಟವೆಲ್ ಬಿಚ್ಚಿ ಬೇಲಿಗೆ ಹಾಕಿ ಹೊರಟಿದ್ದರು. ನಾಯಿ ಆಮೇಲೆ ಎತ್ತ ಹೋಯಿತೋ ನೋಡಿರಲಿಲ್ಲ.

"ಯಾವಾಗ ಬಂತ್ರಿ ಅದು?"

"ಆಗ್ಲೇ ಕಣಮ್ಮ. ಮೋಟರ್ ಹಾಕಿ ಇತ್ಲಾಗ್ ತಿರುಗ್ತೀನಿ, ಎದುರಿಗೆ ನಿಂತೈತೆ. ಆಫ್ ಮಾಡಕ್ಕೂ ನಿಲ್ಲಲಿಲ್ಲ ನಾನು. ಎಲ್ಲಿದೀರೋ ಅಂತ ಪೊದೆ ಪೊದೆ ಹುಡುಕ್ಕೊಂಡು ಹತ್ತೋಷ್ಟ್ರಲ್ಲಿ ಇಷ್ಟೊತ್ತಾಯ್ತು."

ಅಂದರೆ ನೀರು ಫಳಕ್ಕೆಂದಾಗ. ನನ್ನ ಫೋಟೋದಲ್ಲಿ ನಮ್ಮವರು ನಗುತ್ತಿರುವಾಗ.

ರಾಯದುರ್ಗಕ್ಕೆ ಮರಳಿದ ಮೇಲೂ ನಾನು ಸುಮ್ಮನಿರಲಿಲ್ಲ. ಯೋಚಿಸಿದರೆ ಸರಳವಾದ ಉತ್ತರವೊಂದು ಇದ್ದೇ ಇದೆ. ಗುಡ್ಡದಲ್ಲಿ ಬೇರೆ ಯಾರೋ ಕಷ್ಟದಲ್ಲಿದ್ದರು, ತಮ್ಮ ನಾಯಿಯನ್ನು ಕಳಿಸಿದರು, ಅತ್ತಿಗೆ ಹತ್ತಿ ಬರುವಾಗ ದಾರಿಯಲ್ಲಿ ನಾವು ಸಿಕ್ಕೆವು. ಇದರಲ್ಲಿ ದೆವ್ವವೂ ಇಲ್ಲ, ದೇವರೂ ಇಲ್ಲ. ಅತ್ತಿಗೆಗೂ ಇದು ಹೊಳೆದಿತ್ತು. ನಮ್ಮನ್ನು ಕೆಳಗಿಳಿಸಿದ ಕೂಡಲೇ ಊರಿನ ಗಂಡಸರನ್ನು ಮೇಲಕ್ಕೆ ಕಳಿಸಿದ್ದರು. ಅವರು ಕತ್ತಲಾಗುವವರೆಗೆ ಹುಡುಕಿದರು. ಮಾರನೆಯ ದಿನವೂ ಹೋದರು. ಯಾರೂ ಸಿಗಲಿಲ್ಲ. ಆ ವಾರ ಕುರಿಗಳೆಲ್ಲ ದೂರದ ಅಗಳಿ ಕಡೆ ಮೇಯುತ್ತಿದ್ದವು, ಗುಡ್ಡಕ್ಕೆ ಯಾರೂ ಹೋಗಿಯೇ ಇಲ್ಲ ಎಂದು ಕುರಿಯವರೆಲ್ಲ ಹೇಳಿದರು. ಬೂದಿ ಬಣ್ಣದ ನಾಯಿ ಸುತ್ತಲ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲ.

ಟವೆಲ್ ನಾನೂ ನೋಡಿದೆ. ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಸುಳ್ಳು ಹೇಳಲಾರರು. ಕೆಂಪು ಚೌಕಳಿಯ ಸಾಧಾರಣ ಟವೆಲ್, ಯಾವ ಸಂತೆಯಲ್ಲಾದರೂ ಸಿಗುವಂಥದ್ದು. ಆದರೆ ಒಂದು ಸಲವೂ ನೀರು ಕಂಡದ್ದಲ್ಲ. ಗಂಜಿಯ ಬಿರುಸು, ಅಂಗಡಿಯ ಮಡಿಕೆಯ ಗೆರೆ ಹಾಗೇ ಇತ್ತು. ಬೆವರಿನ ವಾಸನೆ ಇಲ್ಲ, ಕುರಿಯ ವಾಸನೆ ಇಲ್ಲ. ಯಾರ ಹೆಗಲ ಮೇಲೂ ಅದು ಕೂತಿರಲಿಲ್ಲ.

ಅತ್ತಿಗೆಗೆ ಇದೆಲ್ಲ ದೊಡ್ಡ ವಿಷಯವಲ್ಲ. "ನನ್ ತಮ್ಮ ಉಳ್ದ, ಇನ್ನೇನ್ ಬೇಕು?" ಎನ್ನುತ್ತಾರೆ. ನಮ್ಮವರು ಬಸವಣ್ಣನ ಕಡೆಗೆ ಕೈ ತೋರಿಸುತ್ತಾರೆ. ಈಗ ಸೋಮವಾರ ತಿಂಡಿ ತಿಂದೇ ಮಾತ್ರೆ ನುಂಗುತ್ತಾರೆ. ಈಗಲೂ ಪ್ರತಿ ದಸರೆಗೆ ನಾಯಿಗಳ ಜೊತೆ ಗುಡ್ಡ ಹತ್ತುತ್ತೇವೆ. ಚೀಲದಲ್ಲಿ ಬೆಲ್ಲ ಇರುತ್ತದೆ, ಚೀಲ ನನ್ನ ಹೆಗಲಲ್ಲೇ ಇರುತ್ತದೆ.

ಆ ನಾಯಿ ನಮಗಾಗಿಯೇ ಇಳಿದಿತ್ತು ಎಂದು ಒಪ್ಪಲು ನನ್ನ ಬುದ್ಧಿ ಬಿಡುವುದಿಲ್ಲ. ನಮಗಾಗಿ ಅಲ್ಲ ಎಂದು ಒಪ್ಪಲು ಮನಸ್ಸಿಗೆ ಧೈರ್ಯ ಸಾಲದು. ನಮಗಾಗಿ ಅಲ್ಲದಿದ್ದರೆ, ಅಂದು ಆ ಬೆಲ್ಲ ಗುಡ್ಡದಲ್ಲಿ ಕಾಯುತ್ತಿದ್ದ ಇನ್ನೊಬ್ಬರದು. ಅದಕ್ಕೇ ನೆತ್ತಿ ತಲುಪಿದ ಮೇಲೆ, ಇವರು ಬಸವಣ್ಣನಿಗೆ ಕೈಮುಗಿಯುವಾಗ, ನಾನು ಆಚೆ ಬದಿಗೆ ಹೋಗಿ ಬಂಡೆಗಳ ನಡುವೆ ಕೂಗುತ್ತೇನೆ: "ಯಾರಾದ್ರೂ ಅದೀರೇನ್ರಿ?"

ಇದುವರೆಗೆ ಯಾರೂ ಓಗೊಟ್ಟಿಲ್ಲ. ನಾನು ಕೂಗಿದಾಗ ನಾಯಿಗಳೆರಡೂ ಮಾತ್ರ ಕಿವಿ ನಿಮಿರಿಸಿ ಒಂದೇ ಕಡೆಗೆ ನೋಡುತ್ತವೆ.