ಇಲಿಗೆ ಕಟ್ಟಿದ ಉಂಡೆ

ಯುದ್ಧದ ವರ್ಷಗಳಲ್ಲಿ ನಂದಗುಡಿ ಕಡೆಯ ನಮ್ಮೂರಲ್ಲಿ ಅಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ಮೂರು ಹೊತ್ತೂ ರಾಗಿ. ಅಂಥದ್ದರಲ್ಲಿ ಇಲಿಗಳಿಗೆ ಅಕ್ಕಿಹಿಟ್ಟಿನ ಉಂಡೆ ಕಟ್ಟುವ ಕಾಲ ಬಂತು.

ಅಟ್ಟದಿಂದ ಇಲಿಗಳು ಸತ್ತು ಬೀಳತೊಡಗಿದ್ದವು. ಇಲಿ ಬಿದ್ದರೆ ಪ್ಲೇಗು ಬಾಗಿಲಿಗೆ ಬಂತೆಂದೇ ಅರ್ಥ. ಎರಡು ಮನೆಯವರು ಆಗಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದರು. ಸರ್ಕಾರದವರು ಬಂದು ವಿಷದ ಬಿಳಿ ಪುಡಿ ಕೊಟ್ಟು, ಹಿಟ್ಟಿನಲ್ಲಿ ಕಲಸಿ ಮೂಲೆಮೂಲೆಗೆ ಇಡಿ ಎಂದು ಹೇಳಿಹೋದರು. ಅವ್ವ ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ನೆನೆಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ಎರಡು ಪಾಲು ಮಾಡಿದಳು. ಒಂದು ಮಾರಮ್ಮನ ಆರತಿಯ ತಂಬಿಟ್ಟಿಗೆ, ಇನ್ನೊಂದು ಇಲಿಗೆ. ಎರಡಕ್ಕೂ ಬೆಲ್ಲ ಬಿತ್ತು. ಇಲಿಗೂ ನಾಲಿಗೆ ಇದೆಯಲ್ಲ.

ಗುರುತು ಒಂದೇ. ತಂಬಿಟ್ಟಿನ ನೆತ್ತಿಗೆ ಬತ್ತಿ, ತುಪ್ಪ ಇಡಲು ಹೆಬ್ಬೆರಳಿಂದ ಗುಳಿ ಒತ್ತುತ್ತೇವೆ. ಇಲಿಯದು ಬೋಳು ಉಂಡೆ. ಕಣ್ಣು ಹೋಗಿದ್ದ ಅಜ್ಜಿಗೆ ಅವ್ವ ಇದನ್ನು ಎರಡು ಸಲ ಹೇಳಿದಳು. ಇಲಿಯ ಪಾಲು ಕಟ್ಟುವ ಕೆಲಸ ನನ್ನದು. ಆಗ ನನಗೆ ಹತ್ತು ವರ್ಷ. ತಂಬಿಟ್ಟು ಕಟ್ಟಿ ರೂಢಿಯಾದ ಕೈ, ಒಂದು ಉಂಡೆಗೆ ತಾನಾಗಿಯೇ ಗುಳಿ ಒತ್ತಿಬಿಟ್ಟಿತು. ನೋಡಿದೆ. ಮತ್ತೆ ಉರುಳಿಸಲು ಸೋಮಾರಿತನ. ಇಲಿ ಏನು ಗುಳಿ ನೋಡಿ ತಿನ್ನುತ್ತದೆಯೇ ಎಂದುಕೊಂಡು ಒಲೆಯ ಹಿಂದೆ ಇಟ್ಟೆ.

ಅವ್ವ ಆರತಿ ಹೊತ್ತಳು, ನಾನು ಹಿಂದೆ ಹೋದೆ. ಮನೆಯಲ್ಲಿ ಉಳಿದವರು ಅಜ್ಜಿ ಮತ್ತು ಮೂರು ವರ್ಷದ ತಂಗಿ. ನಾವು ಬರುವಷ್ಟರಲ್ಲಿ ತಂಗಿ ವಾಂತಿ ಮಾಡಿಕೊಂಡು ಸುಸ್ತಾಗಿ ಬಿದ್ದಿದ್ದಳು. ಮಗು ಎಲ್ಲಿಂದಲೋ ಒಂದು ಉಂಡೆ ತಂದು ತಿನ್ನಲಾ ಎಂದು ಕೇಳಿತಂತೆ.

"ಗುಳಿ ಇತ್ತು ಕಣವ್ವ. ಮುಟ್ಟಿ ನೋಡೇ ತಿನ್ನು ಅಂದೆ," ಎಂದಳು ಅಜ್ಜಿ.

ಅಪ್ಪ ಗಾಡಿ ಕಟ್ಟಿದ. ಹೊಸಕೋಟೆ ಆಸ್ಪತ್ರೆಯ ದಾರಿಯಲ್ಲೇ ತಂಗಿ ಹೋಗಿಬಿಟ್ಟಳು.

ಆಮೇಲೆ ಅಜ್ಜಿ ಬಂದವರಿಗೆಲ್ಲ ಗುಳಿಯ ಮಾತನ್ನೇ ಹೇಳಿದಳು. ಕುರುಡಿಯ ಮಾತು ಯಾರು ನಂಬುತ್ತಾರೆ? ಅವ್ವ ಅವಳ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಹೋಗುತ್ತಿದ್ದಳು. ನಾನು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ಅದನ್ನು ದುಃಖವೆಂದು ತಿಳಿದು ಎಲ್ಲರೂ ತಲೆ ನೇವರಿಸಿದರು.

ಮೂರನೆಯ ದಿನ ಅಜ್ಜಿ ಅವ್ವನ ಎದುರಿಗೇ ನನ್ನ ಕೈ ಹಿಡಿದಳು.

"ಕಟ್ದೋಳು ನೀನು. ಹೇಳವ್ವ, ಒಂದಕ್ಕಾದ್ರೂ ಗುಳಿ ಇತ್ತಾ?"

ಅವ್ವ ನನ್ನನ್ನೇ ನೋಡುತ್ತಿದ್ದಳು.

"ಇರ್ಲಿಲ್ಲ," ಎಂದೆ.

ಅಜ್ಜಿ ಕೈ ಬಿಟ್ಟಳು. ತುಂಬ ಹೊತ್ತು ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತ ಕೂತಳು.